ಸಮುದ್ರವಿಲ್ಲದ ಗ್ರಹದ ಊಟ

ಸುಳ್ಯದ ಆ ಬಾಡಿಗೆ ಮನೆಯಲ್ಲಿ ಅಡುಗೆಮನೆಯಿಂದ ಚಾವಡಿಗೆ ಇಳಿಯಲು ಒಂದು ಮೆಟ್ಟಿಲಿತ್ತು. ನಾನು ನಿಂತಿದ್ದುದು ಆ ಮೆಟ್ಟಿಲ ಮೇಲೆ, ಕೈಯಲ್ಲಿ ನೀರಿನ ಚೆಂಬು ಹಿಡಿದುಕೊಂಡು. ೧೯೮೩ನೇ ಇಸವಿಯ ನವರಾತ್ರಿ ರಜೆ ಮುಗಿದ ಮೇಲಿನ ಒಂದು ಭಾನುವಾರ, ಮಧ್ಯಾಹ್ನ. ಅಲ್ಲಿಂದ ನನಗೆ ಮೊದಲು ಕಂಡದ್ದು ಆ ಮನೆಯ ಡ್ರಾಯಿಂಗ್ ಮಾಷ್ಟ್ರ ಬೆರಳುಗಳು. ಉಗುರಿನ ಸಂದಿಯವರೆಗೂ ನೀಲಿ. ಅದು ಬಣ್ಣದ ಪೆಟ್ಟಿಗೆಯ ನೀಲಿಯಲ್ಲ. ಬೇಲಿಯ ಶಂಖಪುಷ್ಪವನ್ನು ಬಿಸಿನೀರಿನಲ್ಲಿ ಹಿಂಡಿ, ಆ ನೀರಿನಲ್ಲಿ ಅನ್ನ ಮಾಡಿದ್ದರು.

ನಾವಿಬ್ಬರೂ ಒಂದೇ ಶಾಲೆಯಲ್ಲಿದ್ದೆವು. ನಾನು ಗುಮಾಸ್ತ, ಅವರು ಚಿತ್ರ ಕಲಿಸುವವರು. ನಮ್ಮ ಮನೆಗಳ ನಡುವೆ ಒಂದು ಬಾವಿ ಮಾತ್ರ ಇತ್ತು. ಅವರನ್ನು ಊರು ಗುರುತಿಸುತ್ತಿದ್ದುದು ಚಿತ್ರಕ್ಕಲ್ಲ, ತಾಳಮದ್ದಳೆಗೆ. ವೇಷವಿಲ್ಲ, ಕುಣಿತವಿಲ್ಲ, ಶಾಲು ಹೊದ್ದು ಕುಳಿತು, ಮಾತಿನಿಂದಲೇ ಪಾತ್ರವಾಗಬೇಕು. ಎದುರಿನವನು ಏನೇ ಕೇಳಲಿ, ಪಾತ್ರ ಬಿಡದೆ ಆ ಕ್ಷಣಕ್ಕೆ ಉತ್ತರ ಹುಟ್ಟಬೇಕು. ಅವರು ಮಾತಿಗೆ ತಡವರಿಸಿದ್ದನ್ನು ಕಂಡವರಿರಲಿಲ್ಲ.

ಅವರ ಒಬ್ಬಳೇ ಮಗಳಿಗೆ ಮೂತ್ರಪಿಂಡದ ಕಾಯಿಲೆ. ಮುಖ, ಕಾಲು ಊದಿಕೊಳ್ಳುತ್ತಿದ್ದವು. ಮಂಗಳೂರಿನ ಡಾಕ್ಟರು ಉಪ್ಪು ನಾಲಗೆಗೆ ತಾಗಬಾರದು ಎಂದಿದ್ದರು. ಮಗು ಸಪ್ಪೆ ಅನ್ನವನ್ನು ಬಾಯಲ್ಲಿ ಇಟ್ಟುಕೊಂಡು ನುಂಗದೆ ಕೂರುತ್ತಿತ್ತು. ಹಾಗೆ ಹುಟ್ಟಿದ್ದು ಅವರ ಆಟ. ಪ್ರತಿ ಭಾನುವಾರ ಚಾವಡಿಯೇ ಆಕಾಶನೌಕೆ. ಮಗಳು ಕ್ಯಾಪ್ಟನ್. ನಾನು ಇಂಜಿನು ನೋಡುವವನು. ಪೇಟೆಯ ಟೈಲರ್ ಇದ್ದಿನಬ್ಬ ಗ್ರಹದಿಂದ ಗ್ರಹಕ್ಕೆ ಬಟ್ಟೆ ಮಾರುವ ವ್ಯಾಪಾರಿ. ಮಾಷ್ಟ್ರು ವಾರಕ್ಕೊಂದು ಗ್ರಹದ ಅರಸ. ಆಳೆತ್ತರದ ಶಾಲು ಹೊದ್ದು, "ಬನ್ನಿ ಕ್ಯಾಪ್ಟನ್, ನಮ್ಮಲ್ಲಿ ಊಟ ಮಾಡದೆ ಹೋಗುವ ಕ್ರಮ ಇಲ್ಲ" ಎಂದರೆ ನಿಜಕ್ಕೂ ಎಲ್ಲಿಗೋ ಹೋಗಿ ಇಳಿದ ಹಾಗಾಗುತ್ತಿತ್ತು.

ಆ ಊಟಗಳನ್ನು ನಾನು ಮರೆತಿಲ್ಲ. ನೀಲಿ ಅನ್ನಕ್ಕೆ ಲಿಂಬೆ ಹಿಂಡಿದರೆ ಅದು ನೇರಳೆಯಾಗುತ್ತಿತ್ತು; ಆ ಗ್ರಹದಲ್ಲಿ ಸೂರ್ಯ ಮುಳುಗುವುದು ಎಲೆಯ ಮೇಲೆಯೇ ಎನ್ನುತ್ತಿದ್ದರು. ಮುಂಡಕದ ಎಲೆಯ ಕೊಳವೆಯಲ್ಲಿ ಇಡ್ಲಿಯ ಹಿಟ್ಟು ಹೊಯ್ದು ಬೇಯಿಸಿದ ಮೂಡೆ, ಗಾಳಿಯಿಲ್ಲದ ಊರಿನವರು ನಿದ್ದೆಯಲ್ಲಿ ತಿನ್ನುವ ರಾಕೆಟ್ಟು. ಪುನರ್ಪುಳಿ ಹಣ್ಣಿನ ಹುಳಿಹುಳಿ ಕೆಂಪು ನೀರು, ಒಂದು ಬೆಟ್ಟದ ಬೆವರು. ಯಾವುದರಲ್ಲೂ ಉಪ್ಪಿಲ್ಲ. ಭಾನುವಾರ ನಮಗೆಲ್ಲರಿಗೂ ಅದೇ ಊಟ.

"ಮಾಷ್ಟ್ರೇ, ಈ ಬೆಟ್ಟಕ್ಕೆ ಸ್ನಾನ ಮಾಡ್ಸಿ ಎಷ್ಟು ಸಮಯ ಆಯ್ತು?" ಎಂದು ಇದ್ದಿನಬ್ಬ ಲೋಟ ಎತ್ತಿ ಕೇಳಿದರೆ ಕ್ಯಾಪ್ಟನ್ ನಗುತ್ತ ನಗುತ್ತ ತನ್ನ ಲೋಟ ಖಾಲಿ ಮಾಡುತ್ತಿದ್ದಳು. ಅವಳು ಉಂಡರೆ ಮಾಷ್ಟ್ರಿಗೆ ಅಷ್ಟೇ ಸಾಕಿತ್ತು.

ಮಾಷ್ಟ್ರ ಹೆಂಡತಿ ಅಡುಗೆಮನೆಯಲ್ಲಿ, ಬಡಿಸುತ್ತಿದ್ದುದು ಮಾಷ್ಟ್ರ ತಾಯಿ. ಆ ಭಾನುವಾರ ಅವರು ಮೊಮ್ಮಗಳ ಎಲೆಗೆ ನೀಲಿ ಅನ್ನ ಹಾಕಿ, ಸೆರಗಿನ ಮರೆಯಲ್ಲಿದ್ದ ಎಡಗೈಯನ್ನು ಹೊರಗೆ ತೆಗೆದು, ಚಿಟಿಕೆ ಉಪ್ಪನ್ನು ಅನ್ನದೊಳಗೆ ಸೇರಿಸಿ ಸವರಿದರು. ಮೆಟ್ಟಿಲ ಮೇಲಿದ್ದ ನನಗೆ ಅದು ಸ್ಪಷ್ಟವಾಗಿ ಕಂಡಿತು. ತಲೆಯೆತ್ತಿದರೆ, ಮಾಷ್ಟ್ರೂ ನೋಡುತ್ತಿದ್ದರು. ಕೈಯಲ್ಲಿ ಅರ್ಧ ಲಿಂಬೆ ಹಾಗೆಯೇ ಇತ್ತು.

ಅವರು ತಾಯಿಯ ಕಡೆ ನೋಡಲಿಲ್ಲ. ಶಾಲು ಸರಿಮಾಡಿಕೊಂಡು, "ಕ್ಯಾಪ್ಟನ್, ನಮ್ಮ ಗ್ರಹದಲ್ಲಿ ಒಂದು ಮರ್ಯಾದೆ ಉಂಟು. ಅತಿಥಿ ಅರಸನ ಎಲೆಯಲ್ಲಿ ಉಣ್ಣಬೇಕು, ಅರಸ ಅತಿಥಿಯ ಎಲೆಯಲ್ಲಿ" ಎಂದರು.

"ಅದು ಯಾಕೆ?"

"ಹಿಂದಿನಿಂದ ಹಾಗೆ."

"ವಿಷ ಹಾಕಿದ್ದಾರ ಅಂತ ನೋಡ್ಲಿಕ್ಕೆ ಇರ್ಬೇಕು ಮಾರಾಯ್ರೆ" ಎಂದ ಇದ್ದಿನಬ್ಬ. ಅವನಿಗೆ ಏನೂ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು. ತಾಯಿಯೂ ನಕ್ಕರು, ಆದರೆ ಬೇಗ ನಿಲ್ಲಿಸಿದರು. ಎಲೆಗಳು ಬದಲಾದವು. ಮಾಷ್ಟ್ರು ಆ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡರು.

ಸಂಜೆ ಬಾವಿಕಟ್ಟೆಯಲ್ಲಿ ಸಿಕ್ಕಾಗ, "ಅಮ್ಮನಿಗೆ ಹೇಳ್ಬಾರ್ದ?" ಎಂದು ಕೇಳಿದೆ.

"ಹೇಳದೆ ಇರ್ತೇನ? ಉಪ್ಪಿಲ್ಲದ ಎಲೆ ಇಡುದು ಸತ್ತವರಿಗೆ, ಜೀವ ಇರುವ ಮಗುವಿಗೆ ನಾನು ಹೇಗೆ ಬಡಿಸ್ಲಿ ಅಂತ ಅಳ್ತಾರೆ. ನಾಲ್ಕು ಜನರೆದುರು ಕೈ ಹಿಡಿದ್ರೆ ಮತ್ತೆ ಅವರು ಆ ಮಗುವನ್ನು ಮುಟ್ಲಿಕ್ಕಿಲ್ಲ." ಕೊಡವನ್ನು ಮೇಲಕ್ಕೆಳೆದು ಕಟ್ಟೆಯ ಮೇಲಿಟ್ಟು, "ಇವತ್ತು ಇನ್ನೊಮ್ಮೆ ಹೇಳ್ತೇನೆ" ಎಂದರು.

ಹೇಳಿದರು. ತಾಯಿ ಅತ್ತು ಮಾತು ಕೊಟ್ಟರು. ಆಮೇಲೆ ಭಾನುವಾರಗಳಲ್ಲಿ ಎಲೆ ಬದಲಾಯಿಸುವುದು ಎಲ್ಲ ಗ್ರಹಗಳ ಮರ್ಯಾದೆಯಾಯಿತು. ಆದರೆ ವಾರದ ದಿನಗಳಲ್ಲಿ ಮಾಷ್ಟ್ರು ಶಾಲೆಯಲ್ಲಿ. ಅವರ ಹೆಂಡತಿ ಆಲೆಟ್ಟಿ ಕಡೆಯ ಶಾಲೆಯಲ್ಲಿ ಟೀಚರು. ಮಧ್ಯಾಹ್ನ ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳು ಮಾತ್ರ. ಪುಡಿಯುಪ್ಪಿನ ಡಬ್ಬಿಗೆ ಬೀಗ ಹಾಕುವ ಮನೆ ನಮ್ಮ ಕಡೆ ಇಲ್ಲ. ಅವರು ಕೊಟ್ಟ ಮಾತು ಉಳಿಯಿತೇ, ನಾನು ನೋಡಿಲ್ಲ. ನೋಡದ್ದನ್ನು ಹೇಳಲಾರೆ.

ಚಳಿಗಾಲಕ್ಕೆ ಮಗುವಿನ ಕಣ್ಣುಗಳು ಊತದಲ್ಲಿ ಮುಚ್ಚಿದಂತಿದ್ದವು. ನಮ್ಮ ಕೊನೆಯ ಆಟದ ದಿನ ಅವಳು ದಿಂಬಿಗೆ ಒರಗಿದ್ದಳು.

"ಅರಸರೇ, ನಿಮ್ಮ ಊಟದಲ್ಲಿ ಉಪ್ಪು ಯಾಕಿಲ್ಲ?"

"ನಮ್ಮ ಗ್ರಹದಲ್ಲಿ ಸಮುದ್ರವೇ ಇಲ್ಲ ಕ್ಯಾಪ್ಟನ್. ಉಪ್ಪು ಎಲ್ಲಿಂದ ಬರ್ಬೇಕು?"

ಅವಳು ಯೋಚಿಸಿದಳು. "ಹಾಗಾದ್ರೆ ನೀವು ಅಳುವಾಗ ಎಂತ ಬರ್ತದೆ?"

ಮಾಷ್ಟ್ರ ಬಾಯಿ ತೆರೆಯಿತು, ಮಾತು ಬರಲಿಲ್ಲ. ಬಾಗಿಲಲ್ಲಿ ಕುಳಿತಿದ್ದ ತಾಯಿ ಎದ್ದು ಒಳಗೆ ಹೋದರು. ಕೊನೆಗೆ ಮಗುವೇ, "ಸಿಹಿ ನೀರು ಬರ್ತದಾ?" ಎಂದು ಕೇಳಿತು.

"ಹೌದು. ಸಿಹಿ" ಎಂದರು ಮಾಷ್ಟ್ರು. "ಅದಕ್ಕೇ ನಾವು ಅಳುದಿಲ್ಲ ಕ್ಯಾಪ್ಟನ್. ಇರುವೆ ಮುತ್ತುತ್ತದೆ."

ಮಳೆಗಾಲಕ್ಕೆ ಮೊದಲು, ಮಂಗಳೂರಿನ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ಕಾಯಿಲೆಯೇ ಜೋರಿತ್ತು, ಇಂಥದ್ದರಿಂದಲೇ ಎಂದು ಹೇಳಲಾಗದು ಎಂದು ಅಲ್ಲಿಯ ಡಾಕ್ಟರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಕಾರ್ಯಗಳೆಲ್ಲ ಮುಗಿದ ಸಂಜೆ ಚಾವಡಿಯಲ್ಲಿ ಮಾಷ್ಟ್ರು, ಅವರ ಹೆಂಡತಿ, ಇದ್ದಿನಬ್ಬ ಮತ್ತು ನಾನು ಇದ್ದೆವು. ತಾಯಿ ಒಳಗಿನಿಂದ ಬಂದು ಮಗನ ಎದುರು ನೆಲದಲ್ಲಿ ಕುಳಿತರು. ಊಟ ಬಿಟ್ಟು ಮುಖ ಸಣ್ಣದಾಗಿತ್ತು.

"ನಾನು ಹಾಕಿದ್ದೇನೆ ಮಗಾ. ಮಧ್ಯಾಹ್ನ ಮಧ್ಯಾಹ್ನ, ಒಂದೊಂದು ಚಿಟಿಕೆ. ಇಲ್ಲದಿದ್ರೆ ಅವಳಿಗೆ ಗಂಟಲಲ್ಲಿ ಇಳಿತಿರ್ಲಿಲ್ಲ. ಅದರಿಂದ ಆಯ್ತಾ?"

ಇದ್ದಿನಬ್ಬ ತಲೆ ತಗ್ಗಿಸಿದ. ಮಾಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕುಳಿತರು, ತಾಳಮದ್ದಳೆಯಲ್ಲಿ ಮಾತು ಎತ್ತುವ ಮೊದಲು ಕೂರುವ ಹಾಗೆ.

"ಯಾವ ಡಬ್ಬಿಯಿಂದ ಹಾಕಿದ್ದಮ್ಮ?"

"ಒಲೆ ಹತ್ರದ ಡಬ್ಬಿ."

"ಅದರಲ್ಲಿ ಉಪ್ಪು ಎಲ್ಲಿತ್ತು? ನೀವು ಹಾಕ್ತೀರಿ ಅಂತ ನನಗೆ ಗೊತ್ತಿತ್ತಲ್ಲ. ಮಂಗಳೂರಿನ ಡಾಕ್ಟ್ರತ್ರ ಕೇಳಿ ಬೇರೆ ಪುಡಿ ತಂದು ತುಂಬಿಸಿದ್ದೆ. ನೋಡ್ಲಿಕ್ಕೆ ಉಪ್ಪು, ರುಚಿಯೂ ಉಪ್ಪು, ಉಪ್ಪಲ್ಲ. ಗಿಡದ ಬೂದಿಯಿಂದ ತೆಗೆಯುದಂತೆ, ಮಗುವಿಗೆ ಎಂತ ತೊಂದರೆಯೂ ಇಲ್ಲ."

"ಇಷ್ಟು ದಿನ ನಾವೂ ಅದನ್ನೇ ತಿಂದದ್ದ?"

"ಅದನ್ನೇ."

ತಾಯಿ ಸೊಸೆಯ ಕಡೆ ತಿರುಗಿದರು. ಸತ್ತದ್ದು ಆಕೆಯ ಮಗಳು. ಆಕೆ ಗಂಡನ ಮುಖವನ್ನೊಮ್ಮೆ, ಅತ್ತೆಯ ಕೈಗಳನ್ನೊಮ್ಮೆ ನೋಡಿದರು.

"ಹೌದು ಅತ್ತೆ" ಎಂದರು. "ತಂದದ್ದು ನನಗೂ ಗೊತ್ತುಂಟು."

ತಾಯಿ ಆ ರಾತ್ರಿ ಗಂಜಿ ಕುಡಿದರು.

ಆಮೇಲೆ ಅವರಿಗೆ ಬೇರೆ ಉಪ್ಪು ಬೇಡವಾಯಿತು, ಆ ಪುಡಿಯೇ ಆಗಬೇಕು. ಮಾಷ್ಟ್ರು ತಿಂಗಳಿಗೊಮ್ಮೆ ಅಂಗಡಿಯಿಂದ ಉಪ್ಪಿನ ಪೊಟ್ಟಣ ಕೊಂಡು, ನಮ್ಮ ಮನೆಗೆ ಬಂದು, ಔಷಧದ ಬಾಟಲಿಯಲ್ಲಿ ತುಂಬಿಸಿಕೊಂಡು, ಮಂಗಳೂರು ಬಸ್ಸು ಬರುವ ಹೊತ್ತು ನೋಡಿ ಮನೆಗೆ ಹೋಗುತ್ತಿದ್ದರು. ತಾಳಮದ್ದಳೆಗೆ ಕರೆಯಲು ಬಂದವರಿಗೆ, "ಇಲ್ಲ ಮಾರಾಯ್ರೆ, ಮನೆಯಲ್ಲೇ ಒಂದು ಪಾತ್ರ ಉಂಟು" ಎನ್ನುತ್ತಿದ್ದರು. ಬಂದವರು ತಮಾಷೆ ಎಂದುಕೊಂಡು ನಕ್ಕು ಹೋಗುತ್ತಿದ್ದರು. ಮಾಷ್ಟ್ರು ಮಗಳಿಗಾಗಿ ಯಾವಾಗ ಅತ್ತರೋ ನನಗೆ ಗೊತ್ತಿಲ್ಲ. ಆ ಮನೆಯಲ್ಲಂತೂ ಅಳಲಿಲ್ಲ. ಅತ್ತರೆ, ತನ್ನ ಚಿಟಿಕೆಯಿಂದಲೇ ಆದದ್ದು ಎಂದು ತಾಯಿಗೆ ಮತ್ತೆ ಸಂಶಯ ಬರುತ್ತಿತ್ತೇನೋ.

ಎಂಬತ್ತರ ದಶಕ ಮುಗಿಯುವ ಮೊದಲೇ ಮಾಷ್ಟ್ರು ಹೃದಯಾಘಾತದಿಂದ ಹೋದರು, ತಾಯಿಗಿಂತ ಮುಂಚೆ. ಅವರ ಕಾರ್ಯಗಳಾದ ಮರುವಾರ ಅವರ ಹೆಂಡತಿ ಖಾಲಿ ಬಾಟಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ನಾನು ಒಳಗಿನಿಂದ ಉಪ್ಪು ತಂದುಕೊಟ್ಟೆ. ಅತ್ತೆ ಕಣ್ಣುಮುಚ್ಚುವವರೆಗೆ ಅದನ್ನು ತುಂಬಿಸಿದವರು ಅವರು.

ಅವರೀಗ ರಾಮಕುಂಜದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಇದ್ದಿನಬ್ಬ ಉಪ್ಪಿನಂಗಡಿಯಲ್ಲಿದ್ದಾನೆ, ಕಣ್ಣು ಮಂಜು, ಹೊಲಿಗೆ ಬಿಟ್ಟಿದ್ದಾನೆ. ಆ ಸಂಜೆ ಚಾವಡಿಯಲ್ಲಿ ಮಾಷ್ಟ್ರ ಆ ಮಾತು ಕೇಳಿಸಿಕೊಂಡವರಲ್ಲಿ ಅವರಿಬ್ಬರು ಮತ್ತು ನಾನು ಉಳಿದಿದ್ದೇವೆ.