ತಾರಸಿಯ ಮೇಲೆ ಮೂವರು ಅವ್ವಂದಿರು

ಸಿರಾ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಸೈನ್ ಆಫೀಸಿದೆ, ಅದೇ ಕಟ್ಟಡದ ಹಿಂಭಾಗದಲ್ಲಿ ನಾನೂ ಅವ್ವನೂ ಇರುವ ಮನೆ. ಮದುವೆ, ನಾಮಕರಣ, ಶ್ರದ್ಧಾಂಜಲಿ, ಯಾವ ಫ್ಲೆಕ್ಸ್ ಬೇಕಾದರೂ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ. ಪ್ರಿಂಟು ಮಾತ್ರ ತುಮಕೂರಿನಿಂದ ಬರಬೇಕಿತ್ತು. ಸತ್ತವರ ಮನೆಯವರು ಕಾಯುತ್ತಾರೆಯೇ? ಬಸ್ಸಿನಲ್ಲಿ ಬರುವ ಸುರುಳಿಗಾಗಿ ಕಾದು ಕಾದು ಬೇಸತ್ತು, ನಮ್ಮದೇ ಒಂದು ದೊಡ್ಡ ಕಲರ್ ಪ್ರಿಂಟರ್ ಕೊಳ್ಳಲು ಹೊರಟೆ.

ಮಿಷನ್ ಮಾರುವವರು ಸ್ಯಾಂಪಲ್ ಎಂದು ತೋರಿಸುವುದೆಲ್ಲ ಗಿಳಿ, ಹಣ್ಣು, ಹೂದೋಟ. ಗಿಳಿಯ ಫ್ಲೆಕ್ಸ್ ಮಾಡಿಸಲು ನನ್ನ ಹತ್ತಿರ ಯಾರು ಬರುತ್ತಾರೆ? ನನಗೆ ಬೇಕಾದದ್ದು ಮುಖ, ಅದರಲ್ಲೂ ಬಿಸಿಲಲ್ಲಿ ದುಡಿದ ಕಪ್ಪು ಮುಖ. ಎಷ್ಟೋ ಮಿಷನ್ನುಗಳು ಅದನ್ನು ಇಟ್ಟಿಗೆಯ ಹಾಗೆ ಕೆಂಪು ಮಾಡುತ್ತವೆ, ಇಲ್ಲವೇ ಬೂದಿ ಬಳಿದಂತೆ ಮಾಡುತ್ತವೆ. ಅದಕ್ಕೇ ಅವ್ವನನ್ನು ಆಫೀಸಿನ ಗೋಡೆಗೆ ನಿಲ್ಲಿಸಿ ಫೋಟೊ ತೆಗೆದೆ. ಹಸಿರು ಸೀರೆ, ನರೆಗೂದಲು. ಕೈ ಎಲ್ಲಿಡಬೇಕೆಂದು ತೋಚದೆ ಮುಗಿದು ನಿಂತಳು.

ಆ ಫೋಟೊವನ್ನು ಮೂರು ಕಡೆ ಕಳಿಸಿ ಆಳೆತ್ತರದ ಸ್ಯಾಂಪಲ್ ತರಿಸಿದೆ. ಮೂವರೂ "ಬಣ್ಣಕ್ಕೆ ಗ್ಯಾರಂಟಿ ಮೇಡಂ" ಎಂದರು. ಆ ಮಾತನ್ನು ನಮ್ಮೂರ ಬಿಸಿಲೇ ಹೇಳಲಿ ಎಂದು, ತಾರಸಿಯಲ್ಲಿ ಮೆಟ್ಟಿಲ ಕೋಣೆಯ ಹೊರಗೋಡೆಗೆ, ರಸ್ತೆಗೆ ಕಾಣುವಂತೆ ಮೂರನ್ನೂ ಸಾಲಾಗಿ ಕಟ್ಟಿದೆ. ಯಾವ ಅವ್ವ ಕೊನೆಯವರೆಗೂ ಉಳಿಯುತ್ತಾಳೋ ಆ ಮಿಷನ್ ತರುವುದು ಎಂದು ತಮಾಷೆಯನ್ನೂ ಮಾಡಿದೆ.

ಅವ್ವ ನಗಲಿಲ್ಲ. ಆ ವಾರವೇ ಅಂಗಳದಲ್ಲಿ ಹುಣಸೆಹಣ್ಣು ಒಣಹಾಕುವಾಗ ಕಾಗೆಯೊಂದು ಅವಳ ನೆತ್ತಿಗೆ ಕುಕ್ಕಿ ಹೋಗಿತ್ತು. ನಮ್ಮ ಕಡೆ ಅದು ಸಾವಿನ ಸೂಚನೆ. ಅದು ಕಳೆಯಬೇಕಾದರೆ, ಸತ್ತರು ಎಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ರಕ್ತಸಂಬಂಧದವರು ಯಾರಾದರೂ ನಂಬಿ ಅಳಬೇಕು. ಹಾಗೆ ಅತ್ತರೆ ಸಾವು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದಂತೆ.

"ತಿರುಮಣೀಲಿರೋ ನಿಮ್ಮ ದೊಡ್ಡಮ್ಮಂಗೆ ಫೋನ್ ಮಾಡಿ, ನಾನು ಹೋಗ್ಬುಟ್ಟೆ ಅನ್ನು," ಅಂದಳು.

"ಬಿಪಿ ಇರೋ ಮುದುಕಿಗೆ ಇಂಥ ಸುಳ್ಳು ಹೇಳೋದಾ? ತಲೆ ಕೆಟ್ಟೈತಾ ನಿಂಗೆ?" ಎಂದು ರೇಗಿದೆ.

"ಅಂಗಾದ್ರೆ ನನ್ನ ಗತಿ?"

ನಾನು ಎದ್ದು ಆಫೀಸಿಗೆ ಹೋದೆ. ಅಂದಿನಿಂದ ಅವ್ವ ಸರಿಯಾಗಿ ಊಟ ಮಾಡಲಿಲ್ಲ. ಕೂತಲ್ಲಿ ನಿಂತಲ್ಲಿ ನೆತ್ತಿ ಮುಟ್ಟಿಕೊಳ್ಳುತ್ತಿದ್ದಳು.

ಫ್ಲೆಕ್ಸಿನಲ್ಲಿ ಮುದುಕಿಯೊಬ್ಬಳು ಒಂಟಿಯಾಗಿ ಕೈಮುಗಿದು ನಿಂತಿದ್ದರೆ ನಮ್ಮೂರಲ್ಲಿ ಯಾರೂ ಎರಡನೇ ಮಾತು ಕೇಳುವುದಿಲ್ಲ, ಶ್ರದ್ಧಾಂಜಲಿಯೆಂದೇ ಲೆಕ್ಕ. ಬರಗೂರಿನ ಬಸ್ಸಿಳಿದ ಅವ್ವನ ಹಳೆಯ ಗೆಳತಿಯೊಬ್ಬಳು ಅದನ್ನು ನೋಡಿ, ಹೂವು ಕೊಂಡು ಆಫೀಸಿಗೆ ಬಂದಳು. ಇದು ಬರೀ ಸ್ಯಾಂಪಲ್ ಎಂದು ನಾನು ವಿವರಿಸುತ್ತಿರುವಾಗಲೇ ಅವ್ವ ನನ್ನ ಊಟದ ಡಬ್ಬಿ ಹಿಡಿದು ಒಳಗೆ ಬಂದಳು. ಗೆಳತಿ ಗೋಡೆಗೆ ಅಂಟಿಕೊಂಡುಬಿಟ್ಟಳು. ಅವ್ವ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ನನ್ನ ಫ್ಲೆಕ್ಸ್ ನೋಡಿ ಅತ್ತ್ಯೇನೇ?" ಎಂದು ಅವ್ವ ಕೇಳಿದಳು.

"ಗಾಬ್ರಿ ಆಯ್ತು ಕಣಮ್ಮ. ಅಳು ಬರ್ಲಿಲ್ಲ."

"ನೀನತ್ತಿದ್ರೂ ಆಗ್ತಿರ್ಲಿಲ್ಲ ಬುಡು. ನನ್ನ ರಕ್ತ ಅಲ್ವಲ್ಲ," ಎಂದು ಅವ್ವ ನನ್ನ ಕಡೆ ನೋಡಿದಳು. ನಾನು ಕಂಪ್ಯೂಟರಿನ ಕಡೆ ತಿರುಗಿಕೊಂಡೆ.

ಬಿಸಿಲು ತನ್ನ ಕೆಲಸ ಮಾಡುತ್ತಿತ್ತು. ಅಗ್ಗದ ಮಿಷನ್ನಿನ ಅವ್ವನಲ್ಲಿ ಮೊದಲು ಹಳದಿ ಹೋಯಿತು, ಆಮೇಲೆ ಕೆಂಪು. ನೀಲಿಯಷ್ಟೇ ಉಳಿದು ಮುಖ ಬಾವಿಯಿಂದ ಎತ್ತಿದವರ ಮುಖದಂತಾಯಿತು. ಸೆಕೆಂಡ್ ಹ್ಯಾಂಡ್ ಮಿಷನ್ನಿನ ಅವ್ವನ ಕುತ್ತಿಗೆಗೆ ಅಡ್ಡಲಾಗಿ ಮೊದಲೇ ಒಂದು ಸಣ್ಣ ಬಿಳಿ ಗೆರೆಯಿತ್ತು. ಅಂಚಿನ ಬಣ್ಣ ಉದುರಿ ಅದು ದಿನದಿನಕ್ಕೂ ಅಗಲವಾಗುತ್ತಾ ಹೋಯಿತು. ಎಲ್ಲಕ್ಕಿಂತ ದುಬಾರಿಯಾದ ಮೂರನೆಯದು ಮಾತ್ರ ಬಣ್ಣ ಬಿಡಲಿಲ್ಲ. ಒಂದೊಂದು ಸಲ ಬಟ್ಟೆ ಒಣಹಾಕಲು ಹೋದಾಗ ಅದು ನನ್ನನ್ನೇ ನೋಡುತ್ತಿದೆ ಅನ್ನಿಸಿ, ಬೆನ್ನು ತಿರುಗಿಸದೆ ಕೆಳಗಿಳಿಯುತ್ತಿದ್ದೆ. ಇಷ್ಟೊಂದು ಓದಿದವಳು ಹೆದರಿದೆ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಮಿಷನ್ನಿನವರು ಏನು ತೀರ್ಮಾನವಾಯಿತೆಂದು ಫೋನಿನ ಮೇಲೆ ಫೋನು ಮಾಡತೊಡಗಿದರು. ಮೂರನೆಯದನ್ನೇ ಹೇಳಿಬಿಡೋಣವೆಂದು ಒಂದು ಮಧ್ಯಾಹ್ನ ಸ್ಯಾಂಪಲ್ಲುಗಳನ್ನು ಬಿಚ್ಚಲು ತಾರಸಿಗೆ ಹೋದೆ. ನೀಲಿ ಅವ್ವ, ಕುತ್ತಿಗೆ ಸೀಳಿದ ಅವ್ವ, ಚೆನ್ನಾಗಿರುವ ಅವ್ವ. ಅದರ ಪಕ್ಕದಲ್ಲಿ ಇನ್ನೊಬ್ಬಳು.

ನಾನು ತರಿಸಿದ್ದು ಮೂರೇ.

ಅದೇ ಹಸಿರು ಸೀರೆ, ಅದೇ ಮುಗಿದ ಕೈ. ಮೂವರೂ ಗಾಳಿಗೆ ಅಲುಗುತ್ತಿದ್ದರು, ನಾಲ್ಕನೆಯವಳು ಅಲುಗಲಿಲ್ಲ. ಗೋಡೆಗೆ ಒರಗಿದ್ದಳು. ಕಣ್ಣು ಮುಚ್ಚಿತ್ತು. ಕೆನ್ನೆಯ ಮೇಲೆ ನೊಣ ಕೂತಿತ್ತು.

"ಅವ್ವ," ಅಂದೆ. ನೊಣ ಕೂಡ ಏಳಲಿಲ್ಲ. "ಅವ್ವಾ!" ಎಂದು ಕೂಗಿದೆ. ಮುಟ್ಟಿ ನೋಡುವ ಧೈರ್ಯ ಬರಲಿಲ್ಲ. ಫೋನ್ ಮಾಡು ಎಂದವಳ ಮೇಲೆ ರೇಗಿದ್ದು, ಮುಖ ತಿರುಗಿಸಿದ್ದು ಎಲ್ಲ ಒಟ್ಟಿಗೇ ನೆನಪಾಗಿ, ಕಾದ ನೆಲದ ಮೇಲೆ ಕುಸಿದು ಕೂತು ರಸ್ತೆಗೆ ಕೇಳುವಂತೆ ಅತ್ತೆ.

ತಲೆಯ ಮೇಲೆ ಒಂದು ಕೈ ಬಿತ್ತು.

"ಸಾಕು ಬುಡು ಮಗಾ. ಅಳು ಬಂತಲ್ಲ."

ಅವ್ವ ಬಗ್ಗಿ ಸೆರಗಿನಿಂದ ನನ್ನ ಎರಡೂ ಕೆನ್ನೆ ಒರೆಸಿದಳು. ಆಮೇಲೆ ಆ ಒದ್ದೆ ಸೆರಗನ್ನು ಕಾಗೆ ಕುಕ್ಕಿದ ಜಾಗಕ್ಕೆ ಒತ್ತಿಕೊಂಡಳು.

"ಮಿಷನ್ನು ಇದೇ ತಗೋ," ಎಂದು ಮೂರನೆಯವಳನ್ನು ತೋರಿಸಿದಳು. "ಇವಳನ್ನ ಸುತ್ತಿ ಎತ್ತಿಡು, ಮುಂದಕ್ಕೆ ಬೇಕಾಯ್ತದೆ. ಈಗ ನಡಿ, ಹೊಟ್ಟೆ ಹಸೀತೈತೆ."