ಚನ್ನಗಿರಿಗೆ ಹೋದ ಹೆಣ್ಣು ಮೀನು

ಅಥವಾ ಆ ಮಾತನ್ನು ಆಡಿದವನು ನಾನೇ ಇರಬಹುದು. "ಹೆಣ್ಣು ತಾನೆ ಗಂಡಿನ ಮನೆಗೆ ಬರಬೇಕಾದ್ದು" ಎಂದು ಚನ್ನಗಿರಿಯ ಗೆಳೆಯನ ತಾಯಿ ಅಂದರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗಲೆಲ್ಲ ಅವರ ಕೈಯಲ್ಲಿ ಒಂದು ಮೊರ ಇರುತ್ತದೆ. ಆ ಮೊರ ನಿಜಕ್ಕೂ ಅಲ್ಲಿತ್ತೋ, ಹೇಳುತ್ತ ಹೇಳುತ್ತ ಬಂದು ಸೇರಿತೋ ತಿಳಿಯದು. ನೆನಪಿಗೆ ಬರಿಗೈಯ ಮನುಷ್ಯರು ಹಿಡಿಸುವುದಿಲ್ಲ. ಏನಾದರೊಂದು ಕೊಟ್ಟು ನಿಲ್ಲಿಸುತ್ತದೆ.

ಹೆಣ್ಣು ಅಂದರೆ ಮೀನು. ಬೆರಳುದ್ದದ್ದು, ಕ್ರಿಬ್ ಎಂಬ ಜಾತಿಯದು. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ನ್ಯಾಮತಿಯಲ್ಲಿ ಮೇಷ್ಟ್ರು. ಗೆಳೆಯನದು ಚನ್ನಗಿರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಬೆಂಗಳೂರಿಗೆ ಜೊತೆಯಲ್ಲಿ ಹೋದಾಗ ನಾಲ್ಕು ಮರಿ ತಂದು ಎರಡೆರಡು ಹಂಚಿಕೊಂಡೆವು. ಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಅವನ ಗಾಜಿನ ತೊಟ್ಟಿಯಲ್ಲಿ ಎರಡೂ ಗಂಡಾಗಿ, ಬಲವಾದದ್ದು ಇನ್ನೊಂದನ್ನು ಮೂಲೆಗೆ ಒತ್ತಿ ಕೊಂದಿತ್ತು. ನನ್ನಲ್ಲಿ ಒಂದು ಮರಿಯಲ್ಲೇ ಸತ್ತು, ಉಳಿದದ್ದು ಒಂದು ಹೆಣ್ಣು. ಹೊಟ್ಟೆಯ ಬಳಿ ನೇರಳೆ ಹಣ್ಣು ಒರೆಸಿದಂಥ ಬಣ್ಣ. ತೆಂಗಿನ ಚಿಪ್ಪೊಂದನ್ನು ಕವುಚಿ ಇಟ್ಟಿದ್ದೆ. ಅದರೊಳಗೆ ಸೇರಿಕೊಂಡು, ಹತ್ತಿರ ಬಂದ ಬೇರೆ ಜಾತಿಯ ಯಾವ ಮೀನನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಈ ಜಾತಿಯಲ್ಲಿ ಅಪ್ಪ ಅಮ್ಮ ಎರಡೂ ಮರಿಗಳ ಹಿಂಡನ್ನು ಕಾಯುತ್ತ ತಿರುಗುತ್ತವೆ ಎಂದು ಕೇಳಿದ್ದೆವು. ಅದನ್ನು ನೋಡಬೇಕಿತ್ತು, ಅಷ್ಟೇ. ಹೀಗೆ ನಾವಿಬ್ಬರೂ ಬೀಗರಾದೆವು. ಅವನು ನನ್ನನ್ನು ಬೀಗರೇ ಎನ್ನುವನು, ನಾನೂ ಹಾಗೇ. ಹೆಣ್ಣನ್ನು ಕಳಿಸುವುದೆಂದು ತೀರ್ಮಾನವಾಯಿತು. ಯಾರು ತೀರ್ಮಾನಿಸಿದ್ದು ಎಂಬುದನ್ನು ಆಗಲೇ ಹೇಳಿದೆ: ಗೊತ್ತಿಲ್ಲ. ಬೇರೆ ದಾರಿಯೂ ಇದೆ ಎಂದು ಯಾರಿಗೂ ಹೊಳೆಯಲಿಲ್ಲ.

ಹಾಲಿನ ಕ್ಯಾನಿನಲ್ಲಿ ಮೀನು ಹಾಕಿಕೊಂಡು, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಹೋದೆ. ಬಾಗಿಲಲ್ಲಿ ಗೆಳೆಯನ ತಾಯಿ ಕ್ಯಾನಿನೊಳಗೆ ಇಣುಕಿ ನೋಡಿದರು.

"ಬಲಗಾಲಿಟ್ಟು ಒಳಗೆ ಬಾರವ್ವ ಅನ್ನಾಕೆ ಇದಕ್ಕೆ ಕಾಲೇ ಇಲ್ವಲ್ಲಪ್ಪ ಮೇಷ್ಟ್ರೇ!"

ನಕ್ಕೆವು. ಅವನು ಕ್ಯಾನನ್ನು ಬಗ್ಗಿಸಿ ತೊಟ್ಟಿಗೆ ಬಿಟ್ಟ. ನಗು ಇನ್ನೂ ಮುಗಿದಿರಲಿಲ್ಲ, ಗಂಡು ಬಂದು ಹಾಯ್ದಿತು. ಅದಕ್ಕೆ ಆ ತೊಟ್ಟಿಯ ಪ್ರತಿ ಕಲ್ಲೂ ತನ್ನದು. ಹೆಣ್ಣು ಎತ್ತ ಹೋದರೂ ಇನ್ನೊಬ್ಬರ ಮನೆಯೊಳಗೇ ಹೋದಂತಾಗುತ್ತಿತ್ತು. ಕೊನೆಗೆ ನೀರಿನ ಮೇಲ್ಪದರದ ಮೂಲೆಯೊಂದರಲ್ಲಿ ಬಾಲ ಕೆಳಗೆ ಮಾಡಿ ನಿಂತುಬಿಟ್ಟಿತು.

ಗೆಳೆಯ ಅಂಗಡಿಯಿಂದ ಒಂದು ಗಾಜಿನ ಹಲಗೆ ತಂದು ನಡುವೆ ಇಳಿಸಿದ. "ಅಂತರಪಟ" ಎಂದರು ತಾಯಿ. "ಮುಹೂರ್ತ ಯಾವಾಗ್ರಪ್ಪ?"

ಭಾನುವಾರಗಳಂದು ಹೋಗಿ ತೊಟ್ಟಿಯ ಮುಂದೆ ಕೂರುತ್ತಿದ್ದೆ. ಗಂಡು ಗಾಜಿಗೆ ಮೂತಿ ಒತ್ತಿ ಮೇಲೆ ಕೆಳಗೆ ಓಡಾಡುವುದು. ಅದು ಸಿಟ್ಟೋ ಆಸೆಯೋ ಹೇಳುವಂತಿರಲಿಲ್ಲ. ಕಲ್ಲುಗಳನ್ನೆಲ್ಲ ತೆಗೆದು ಬೇರೆ ರೀತಿ ಜೋಡಿಸಿದೆವು, ತನ್ನ ಜಾಗ ಯಾವುದೆಂದು ಅದು ಮರೆಯಲಿ ಎಂದು. ಒಂದು ದಿನ ಮಂಕಾಗಿ, ಮರುದಿನ ಎಲ್ಲವನ್ನೂ ಮತ್ತೆ ತನ್ನದು ಮಾಡಿಕೊಂಡಿತಂತೆ. ಅದರ ಜಗಳ ಹಂಚಿಹೋಗಲಿ ಎಂದು ಕೆರೆಬಿಳಚಿಯಿಂದ ನಾಲ್ಕಾರು ಸಣ್ಣ ಕೆರೆಮೀನು ತಂದು ಬಿಟ್ಟೆವು. ಅವನ್ನು ಅದು ಕಣ್ಣೆತ್ತಿಯೂ ನೋಡಲಿಲ್ಲ.

ಆಮೇಲೊಂದು ವಾರ ಹೆಣ್ಣಿಗೆ ಬಣ್ಣ ಏರಿತು. ಮೈ ಬಿಲ್ಲಿನಂತೆ ಬಗ್ಗಿಸಿ ಗಾಜಿನ ಆಚೆಗಿದ್ದ ಗಂಡಿಗೆ ಹೊಟ್ಟೆ ತೋರಿಸುತ್ತಿತ್ತು. ಇದೇ ಮುಹೂರ್ತ ಎಂದು ಗೆಳೆಯ ಗಾಜು ಎತ್ತಿದ. ನಾನು ಅಲ್ಲಿರಲಿಲ್ಲ. ಸಂಜೆಯೆಲ್ಲ ಎರಡೂ ತೊಟ್ಟಿಯ ತಳದಲ್ಲಿ ಕವುಚಿಟ್ಟಿದ್ದ ಒಂದೇ ಕುಡಿಕೆಯ ಸುತ್ತ ಸುತ್ತಿದವಂತೆ. ಬೆಳಿಗ್ಗೆ ನೋಡಿದರೆ ಹೆಣ್ಣಿನ ಬಾಲ ಅರ್ಧ ಇಲ್ಲ. ಮತ್ತೆ ಗಾಜು ಇಳಿಸಿ ನನಗೆ ಹೇಳಿಕಳಿಸಿದ.

ಹೋದೆ. ಹೆಣ್ಣು ತಳದಲ್ಲಿ ವಾಲಿಕೊಂಡು ಉಸಿರೆಳೆಯುತ್ತಿತ್ತು. ಆಗ, ಬಹಳ ತಡವಾಗಿ, ನನಗೆ ಹೊಳೆಯಿತು: ಇದರ ಮನೆಗೆ ಅದು ಬರಬೇಕು. ನ್ಯಾಮತಿಯ ತೊಟ್ಟಿಯಲ್ಲಿ, ತನ್ನ ಚಿಪ್ಪಿನ ಬಳಿ, ಇದು ಯಾರಿಗೂ ಬಗ್ಗಿದ್ದಲ್ಲ. ಇದು ಚೇತರಿಸಿಕೊಂಡ ಮೇಲೆ ಗಂಡು ಅಲ್ಲಿಗೆ ಹೊಸಬನಾಗಿ ಬಂದರೆ ಅದರ ಜೋರು ತಗ್ಗೀತು.

"ಬೀಗರೇ," ಎಂದೆ, "ನಿಮ್ಮ ಹುಡುಗನ್ನ ನಮ್ಮನೆಗೆ ಕಳಿಸ್ರಿ. ಮನೆ ಅಳಿಯ ಮಾಡ್ಕೊಂತೀನಿ."

ಅವನು ಕೈಯಲ್ಲಿದ್ದ ರೇಡಿಯೋದ ತಿರುಪು ಬಿಗಿಸುವುದನ್ನು ನಿಲ್ಲಿಸಲಿಲ್ಲ. "ನಮ್ಮ ಹುಡುಗ ಎಲ್ಲಿಗೂ ಬರಲ್ಲ ಬಿಡ್ರಿ."

"ಇಲ್ಲೇ ಇದ್ರೆ ಇದು ಸಾಯ್ತದೆ ಮಾರಾಯ."

"ಸತ್ರೆ ಏನು ಮಾಡಾಕಾಗ್ತದೆ? ಮನೆ ಅಳಿಯ ಅಂತೆ! ಹೆಂಗೆ ಬಾಯಿಗೆ ಬರ್ತದ್ರಿ ನಿಮಗೆ?"

ತಮಾಷೆ ಎಂದುಕೊಂಡು ಮತ್ತೆ ಕೇಳಿದೆ. "ಅಲ್ಲಿ ಊಟ ಚೆನ್ನಾಗೈತೆ ಅಂತ ಹೇಳ್ರಿ ಅದಕ್ಕೆ" ಎಂದೆ. ಅವನು ನಗಲಿಲ್ಲ. ಒಳಗೆ ತಾಯಿ ಪಾತ್ರೆ ತೊಳೆಯುವ ಸದ್ದು ನಿಂತಿತು. ನಿಂತಿತು ಎಂದು ಈಗ ಬರೆಯುತ್ತಿದ್ದೇನೆ. ಆಗ ಅದನ್ನು ಗಮನಿಸಿದ್ದೆನೇ? ಆ ಮನೆಯಲ್ಲಿ ಎಂದೂ ಬಾಯಿ ಮುಚ್ಚದ ತಾಯಿ ಆ ದಿನ ಮಾತ್ರ ಏನೂ ಹೇಳಲಿಲ್ಲ. ಇಷ್ಟು ಖಚಿತ.

ಹೆಣ್ಣನ್ನು ಕ್ಯಾನಿಗೆ ಹಾಕಿಕೊಂಡು ಹೊರಟೆ. ಹೊನ್ನಾಳಿಯ ನಿಲ್ದಾಣದಲ್ಲಿ ನ್ಯಾಮತಿ ಬಸ್ಸು ತಡವಾಯಿತು. ನೆರಳಿನಲ್ಲಿ ಕೂತು ಬೊಗಸೆಯಲ್ಲಿ ನೀರೆತ್ತಿ ಎತ್ತರದಿಂದ ಮತ್ತೆ ಕ್ಯಾನಿಗೇ ಸುರಿಯುತ್ತಿದ್ದೆ, ಗಾಳಿ ಬೆರೆಯಲಿ ಎಂದು. ಸುತ್ತ ನಿಂತವರು ನೋಡುತ್ತಿದ್ದರು. "ಏನ್ರೀ ಅದು, ಹಾಲು ಒಡೀತಾ?" ಎಂದರು ಒಬ್ಬರು. ಬೇರೇನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ಮನೆಯಲ್ಲಿ ತೊಟ್ಟಿಗೆ ಬಿಟ್ಟೊಡನೆ ಅದು ಸೀದಾ ಚಿಪ್ಪಿನೊಳಗೆ ಹೋಯಿತು. ಅರ್ಧ ಬಾಲದಲ್ಲಿ ಹೇಗೆ ಹೋಯಿತೋ. ಹೊರಗೆ ಬರಲಿಲ್ಲ. ಆಮೇಲೆ ಚಿಪ್ಪು ಎತ್ತಿದಾಗ ಸತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಗೆಳೆಯನಿಗೆ ಜಗಳೂರಿನ ಹುಡುಗಿಯೊಂದಿಗೆ ಮದುವೆಯಾಯಿತು. ಅವಳು ಒಬ್ಬಳೇ ಮಗಳು. ಅವನೇ ಹೋಗಿ ಮಾವನ ಮನೆಯಲ್ಲಿ ಇರಬೇಕೆಂಬ ಮಾತಾಗಿತ್ತಂತೆ. ಅಂಗಡಿಯನ್ನು ಅಲ್ಲಿಗೇ ಸಾಗಿಸಿದ, ತಾಯಿಯನ್ನೂ ಕರೆದುಕೊಂಡು ಹೋದ. ಮದುವೆಗೆ ನನ್ನನ್ನು ಕರೆದಿದ್ದರು. ಊಟ ಮಾಡಿ ಬಂದೆ. ಬೀಗರೇ ಎಂದು ಅವನು ಅನ್ನಲಿಲ್ಲ. ಮೇಷ್ಟ್ರೇ ಎಂದ.

ನನ್ನ ಆ ಮಾತಿಗೂ ಈ ಮದುವೆಗೂ ನಾನು ಕಟ್ಟಿದ ಜೋಡಣೆಯ ಬಗ್ಗೆ ನನಗೇ ಅನುಮಾನವಿದೆ. ತೀರಾ ಚೆನ್ನಾಗಿ ಕೂಡಿಕೊಳ್ಳುತ್ತದೆ. ನಾನು ಮನೆ ಅಳಿಯನ ಮಾತೆತ್ತಿದ ದಿನ ಜಗಳೂರಿನವರು ಬಂದು ಹೋಗಿದ್ದರೋ, ಅವರ ಸುದ್ದಿ ಆಮೇಲೆ ಹುಟ್ಟಿದ್ದೋ? ಅಥವಾ ಅವನಿಗೆ ಮೀನು ಕಳಿಸಲು ಮನಸ್ಸಿರಲಿಲ್ಲ, ಅಷ್ಟೆಯೋ? ಕೇಳಬಹುದಿತ್ತು. ಮದುವೆಮನೆಯಲ್ಲಿ ಅದನ್ನು ಹೇಗೆ ಕೇಳುವುದು? ಆ ಗಂಡು ಮೀನು ಏನಾಯಿತು ಎಂದೂ ಕೇಳಲಿಲ್ಲ.

ಗಂಡು ನ್ಯಾಮತಿಗೆ ಬಂದಿದ್ದರೆ ಹೆಣ್ಣು ಬದುಕುತ್ತಿತ್ತೇ? ಚಿಪ್ಪಿನೊಳಗೆ ಅದನ್ನು ಬಿಟ್ಟುಕೊಳ್ಳುತ್ತಿತ್ತೇ, ಇಲ್ಲ ಅದನ್ನೇ ಕೊಲ್ಲುತ್ತಿತ್ತೇ?