ಅಕ್ಕನ ಮುಂದೆ ಸೋವಿ ಅನ್ನಬಾರದು

ನಮ್ಮ ಅಕ್ಕನ ಮುಂದೆ ಬೈಗುಳ ಆಡಿದರೂ ನಡೆಯುತ್ತದೆ, ‘ಸೋವಿ’ ಎಂಬ ಮಾತು ಆಡಿದರೆ ನಡೆಯುವುದಿಲ್ಲ. ಬಾಳೆಹಣ್ಣು ಸೋವಿ ಅನ್ನಬಹುದು, ಬದನೆಕಾಯಿ ಸೋವಿ ಅನ್ನಬಹುದು. ನೇಯ್ದ ಬಟ್ಟೆಗೆ ಮಾತ್ರ ಅನ್ನಬಾರದು. ಕಡಿಮೆ ದುಡ್ಡಿಗೆ ಒಳ್ಳೆಯ ಸೀರೆ ಸಿಕ್ಕರೆ ‘ನನಗ ದಕ್ಕಿತು’ ಅನ್ನಬೇಕು. ಇಳಕಲ್ಲಿನಲ್ಲಿ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು ಮಾಡಿದ ಕಾಯಿದೆ ಇದು.

ನಾನು ಅವಳಿಗೆ ತದ್ವಿರುದ್ಧ. ಬಾದಾಮಿಯಲ್ಲಿ ಗುಹೆಗಳ ಕಡೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಖಾನಾವಳಿ ಇದೆ. ಜೋಳದ ರೊಟ್ಟಿ, ಎಣಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಸಂತೆಗೆ ನಾನು ಕಾಲಿಟ್ಟರೆ ಸಾಕು, ಉಳ್ಳಾಗಡ್ಡಿ ಮಾರುವವರು ಮುಖ ಆಚೆ ತಿರುಗಿಸುತ್ತಾರೆ. ಚೌಕಾಸಿ ಮಾಡಿ ನನ್ನನ್ನು ಸೋಲಿಸಿದವರು ಇನ್ನೂ ಹುಟ್ಟಿಲ್ಲ. ಸೋವಿ ಅನ್ನುವುದು ನನ್ನ ಬಾಯಲ್ಲಿ ಗೆದ್ದವರ ಮಾತು.

ಅಕ್ಕನ ಕಾಯಿದೆ ಹುಟ್ಟಿದ್ದೂ ನನ್ನ ಖಾನಾವಳಿಯಲ್ಲೇ. ಒಂದು ಚಳಿಗಾಲ ಅವಳು ನಾಲ್ಕು ಸೀರೆ ಕಟ್ಟಿಕೊಂಡು ಬಂದಿದ್ದಳು. ಪರದೇಶದ ಪ್ರವಾಸಿ ಹೆಂಗಸೊಬ್ಬಳು ಊಟ ಮುಗಿಸಿ ಒಂದು ಸೀರೆ ಕೈಗೆತ್ತಿಕೊಂಡಳು. ಬೆಲೆ ಕೇಳಿದಳು, ಫೋನಿನಲ್ಲಿ ತನ್ನ ದೇಶದ ದುಡ್ಡಿಗೆ ಲೆಕ್ಕ ಹಾಕಿದಳು, ಜೊತೆಗಿದ್ದ ಗಂಡಸಿಗೆ ಫೋನು ತೋರಿಸಿ ‘ಸೋ ಚೀಪ್!’ ಅಂತ ನಕ್ಕಳು. ಕೆಟ್ಟ ನಗೆಯೇನಲ್ಲ, ಖುಷಿಯ ನಗೆ. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ, ನಗೆ ಅರ್ಥವಾಯಿತು. ಸೀರೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಿಚಿ ಚೀಲಕ್ಕೆ ಹಾಕಿಬಿಟ್ಟಳು.

‘ಯಾಕ ಅಕ್ಕಾ, ಬಂದ ಗಿರಾಕಿ ಬಿಟ್ಟಿ?’ ಅಂದೆ.

‘ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ,’ ಅಂದಳು. ಅವತ್ತಿನಿಂದಲೇ ಈ ಕಾಯಿದೆ.

ಹೋದ ವರ್ಷ ಅವಳ ಮೊಣಕಾಲು ಕೈಕೊಟ್ಟವು. ಕುಣಿಯೊಳಗೆ ಕೂತು ದಿನವಿಡೀ ಹಲಗೆ ತುಳಿಯುವ ಕೆಲಸ, ಎಷ್ಟು ವರ್ಷ ತಡೆದಾವು? ಬಾಗಲಕೋಟೆಯ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಮಗ್ಗ ಬಿಡಬೇಕು, ಇಲ್ಲದಿದ್ದರೆ ನಡೆಯುವುದನ್ನೇ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

‘ಬಿಡತೇನಿ,’ ಅಂದಳು. ‘ಮಗ್ಗದ ಮ್ಯಾಲೆ ಒಂದು ಸೀರಿ ಐತಿ, ಅದನ್ನ ಮುಗಸತೇನಿ, ಬಿಡತೇನಿ. ಆದ್ರ ಬಿಡೂಕಿಂತ ಮೊದಲ ಬ್ಯಾರೆ ದೇಶದ ಮಗ್ಗ ಒಮ್ಮೆ ನೋಡಬೇಕು. ಸೀರಿ ಉಡದ ಹೆಣ್ಣಮಕ್ಕಳು ಏನ ನೇಯತಾರ, ಹೆಂಗ ನೇಯತಾರ, ಅದನ್ನ ನೋಡಬೇಕು.’

ಸೊಲ್ಲಾಪುರದಾಚೆ ಕಾಲಿಡದವಳು ಕೇಳಿದ್ದು ಇದೊಂದೇ. ನಾನು ಆಗಿಂದಾಗಲೇ ಒಪ್ಪಿಕೊಂಡೆ. ಮಾತು ಕೊಟ್ಟ ಮೇಲೆ ಲೆಕ್ಕ ಹಾಕಿದೆ. ನಮ್ಮಿಬ್ಬರ ಕೂಡಿಟ್ಟದ್ದು ಒಂದು ಪ್ರಯಾಣಕ್ಕೆ ಸಾಲಬಹುದು, ಅವಳ ಕಾಲುಗಳೂ ಒಂದಕ್ಕೆ ಮಾತ್ರ. ನಾನು ದೇಶ ತಪ್ಪಾಗಿ ಆರಿಸಿದರೆ ಅಕ್ಕನಿಗೆ ಎರಡನೆಯ ಸಲ ಎಂಬುದಿಲ್ಲ.

ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ನಮ್ಮ ಯಜಮಾನರು ಕೂಡಲೇ ಫೋನು ಹಿಡಿದು ಪಂಡಿತರಾದರು. ‘ಜಪಾನಕ್ಕ ಹೋಗ್ರಿ! ನಮ್ಮ ಒಂದು ರೂಪಾಯಿ ಕೊಟ್ಟರ ಅವರದು ಒಂದೂವರಿಕಿಂತ ಹೆಚ್ಚ ಬರತೈತಿ. ಅವರ ದುಡ್ಡು ನಮಗಿಂತ ಸಣ್ಣದು ನೋಡು!’

‘ದುಡ್ಡು ಸಣ್ಣದೈತೋ ದೊಡ್ಡದೈತೋ ಯಾರಿಗೆ ಬೇಕ್ರಿ? ಅಲ್ಲಿ ಚಹಾ ಎಷ್ಟಕ್ಕ ಸಿಗತೈತಿ, ಅದನ್ನ ಕೇಳ್ರಿ,’ ಅಂದೆ.

ಈ ಮಾತು ಸಿಟ್ಟಿಗೆ ಬಂದದ್ದು, ಆದರೆ ಬಾಯಿಂದ ಹೊರಬಿದ್ದ ಮೇಲೆ ನನಗೇ ಹಿಡಿಸಿತು. ಹೌದಲ್ಲ! ಒಂದು ರೂಪಾಯಿಗೆ ನೂರು ನೋಟು ಬಂದರೂ ಅಷ್ಟೇ, ಒಂದು ಕಪ್ಪು ಚಹಾಕ್ಕೆ ಸಾವಿರ ನೋಟು ಕೊಡಬೇಕಾದರೆ ಏನು ಬಂತು? ಖಾನಾವಳಿಯವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮರುದಿನದಿಂದ ಊಟಕ್ಕೆ ಬಂದ ಪ್ರತಿ ಪ್ರವಾಸಿಗೂ ನನ್ನ ಖಾನಾವಳಿ ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ: ಬಾದಾಮಿಗೆ ಬರುವ ಮೊದಲು ಯಾವ್ಯಾವ ದೇಶ ನೋಡಿದಿರಿ? ಅಲ್ಲಿ ಒಂದು ಚಹಾ, ಒಂದು ಊಟ, ಒಂದು ರಾತ್ರಿಯ ಕೋಣೆ ಎಷ್ಟು? ಪಾಪ, ರೊಟ್ಟಿ ಮುರಿಯುತ್ತಲೇ ಹೇಳುತ್ತಿದ್ದರು. ನಾನು ಬಿಲ್ಲಿನ ಹಿಂಬದಿಗೆ ಬರೆದುಕೊಳ್ಳುತ್ತಿದ್ದೆ. ಜಪಾನಿನಿಂದ ಬಂದ ದಂಪತಿ ಅಲ್ಲಿಯ ಊಟದ ಬೆಲೆ ಹೇಳಿದ ದಿನ ಯಜಮಾನರ ಮುಖ ನೋಡಬೇಕಿತ್ತು. ಒಬ್ಬರ ಊಟದ ದುಡ್ಡಿಗೆ ನನ್ನಲ್ಲಿ ನಾಲ್ಕು ಮಂದಿ ಉಂಡು ಎಲೆಅಡಿಕೆ ಹಾಕಿಕೊಂಡು ಹೋಗಬಹುದು!

ಹೀಗೆ ದೇಶಗಳನ್ನು ಜರಡಿ ಹಿಡಿದೆ. ನೇಪಾಳ ಕೈಗೆಟಕುತ್ತಿತ್ತು, ಆದರೆ ಏರು ಹತ್ತುವುದು ಅಕ್ಕನ ಮೊಣಕಾಲಿಗೆ ಆಗದು. ಶ್ರೀಲಂಕಾ ಅಂದರೆ ‘ಅಲ್ಲೂ ಸೀರಿ ಉಡತಾರ, ಬ್ಯಾಡ’ ಅಂದಳು. ಇಂಡೋನೇಷ್ಯಾದ ಊಟ, ಕೋಣೆ ಎಲ್ಲ ಸೋವಿ, ನಾನು ನೋಡಿದ ದಿನಗಳಲ್ಲಿ ವಿಮಾನದ ಟಿಕೀಟು ಮಾತ್ರ ಅಷ್ಟನ್ನೂ ನುಂಗಿ ನೀರು ಕುಡಿಯುವಂತಿತ್ತು. ಕೊನೆಗೆ ಉಳಿದದ್ದು ವಿಯೆಟ್ನಾಂ. ರೂಪಾಯಿಗೆ ಅವರ ದೊಂಗು ಮುನ್ನೂರರ ಆಸುಪಾಸು. ಅದಕ್ಕೆ ನಾನು ಮರುಳಾಗಲಿಲ್ಲ. ಅಲ್ಲಿಂದ ಬಂದ ಮೂವರು ಬೇರೆ ಬೇರೆ ಪ್ರವಾಸಿಗಳು ಒಂದೇ ಮಾತು ಹೇಳಿದ್ದರು, ಊಟದ ಬೆಲೆ ನನ್ನ ಖಾನಾವಳಿಯದಕ್ಕಿಂತ ತುಸು ಹೆಚ್ಚು, ಅಷ್ಟೇ. ಅವರಲ್ಲೊಬ್ಬಳು ಬೆಟ್ಟದ ಬುಡದಲ್ಲಿರುವ ನೇಕಾರರ ಹಳ್ಳಿಯೊಂದರ ಫೋಟೋ ತೋರಿಸಿದಳು. ಮನೆಗಳೆಲ್ಲ ಮರದ ಕಂಬಗಳ ಮೇಲೆ, ಕಂಬಗಳ ನಡುವಿನ ನೆರಳಲ್ಲಿ ಮಗ್ಗ. ಅದನ್ನು ಇಳಕಲ್ಲಿಗೆ ಕಳಿಸಿದೆ. ಐದು ನಿಮಿಷದಲ್ಲಿ ಅಕ್ಕನ ಫೋನು ಬಂತು: ‘ಇಲ್ಲಿಗೇ.’

ಆಮೇಲೆ ಮೂರು ತಿಂಗಳು ದಿನಾ ಬೆಳಿಗ್ಗೆ ಡಾಲರಿನ ದರ, ಟಿಕೀಟಿನ ದರ ನೋಡಿದೆ. ‘ಉಳ್ಳಾಗಡ್ಡಿ ದರ ನೋಡಿದಂಗ ನೋಡತಿಯಲ್ಲ,’ ಅಂತ ಯಜಮಾನರು ಆಡಿಕೊಂಡರು. ನೋಡಿದ್ದಕ್ಕೇ ದರ ಇಳಿದ ವಾರ ಟಿಕೀಟು ತೆಗೆಸಿದ್ದು, ಹುಬ್ಬಳ್ಳಿಯಲ್ಲಿ ಡಾಲರು ಕೊಂಡದ್ದು. ಹೊರಡುವ ದಿನ ಅಕ್ಕನ ಚೀಲದಲ್ಲಿ ರೊಟ್ಟಿ, ಚಟ್ನಿಪುಡಿಗಳ ಕೆಳಗೆ ಮಡಿಕೆ ಬಿಚ್ಚದ ಹೊಸ ಸೀರೆ ಕಂಡಿತು. ಅವಳು ನೇಯ್ದ ಕೊನೆಯ ಸೀರೆ. ಅಂಜೂರಿ ಬಣ್ಣದ ಒಡಲು, ಕೆಂಪು ರೇಷ್ಮೆ ಸೆರಗು.

‘ಇದ್ಯಾಕ ಅಕ್ಕಾ? ತೂಕ ಹೆಚ್ಚಾದ್ರ ದಂಡ ಹಾಕತಾರ.’

‘ಇರಲಿ ಬಿಡ ಯವ್ವಾ. ಅದೂ ಬರಲಿ,’ ಅಂದಳು.

ಹನೋಯಿಯಲ್ಲಿ ಇಳಿದ ದಿನ ಡಾಲರು ಕೊಟ್ಟು ದೊಂಗು ಕೊಂಡಾಗ ಲಕ್ಷ ಲಕ್ಷದ ನೋಟು ಕೈಗೆ ಬಂದವು. ನನ್ನ ಚಹಾದ ದರ ಖರೆಯೋ ಸುಳ್ಳೋ ನೋಡಿಯೇ ಬಿಡೋಣ ಅಂತ ರಸ್ತೆಬದಿಯ ಅಂಗಡಿಯಲ್ಲಿ ಪುಟ್ಟ ಸ್ಟೂಲಿನ ಮೇಲೆ ಕೂತು ಎರಡು ಬೆರಳು ತೋರಿಸಿ ‘ಚಾಯ್’ ಅಂದೆ. ಅಂಗಡಿಯವಳು ಸಂಭ್ರಮದಿಂದ ತಲೆ ಅಲ್ಲಾಡಿಸಿ ಒಳಗೆ ಹೋದಳು. ಬಂದದ್ದು ಹಬೆಯಾಡುವ ಎರಡು ಬಟ್ಟಲು ಶಾವಿಗೆ, ಮೇಲೆ ಸೊಪ್ಪು, ಅಣಬೆ. ‘ನೋ ನೋ, ಚಾಯ್!’ ಅಂತ ನಾನು ದನಿ ಏರಿಸಿದೆ. ಅವಳೂ ‘ಚಾಯ್, ಚಾಯ್!’ ಅಂತ ಬಟ್ಟಲು ತೋರಿಸಿದಳು. ಪಕ್ಕದಲ್ಲಿ ಉಣ್ಣುತ್ತಿದ್ದ, ಇಂಗ್ಲಿಷ್ ಬಲ್ಲ ಹೆಂಗಸೊಬ್ಬಳು ನಗುತ್ತ ಬಿಡಿಸಿ ಹೇಳಿದಳು: ಅವರ ಮಾತಿನಲ್ಲಿ ಹಾಗೆಂದರೆ ಮಾಂಸ ಹಾಕದ ಊಟ.

ಅಕ್ಕ ಮೊಣಕಾಲು ಹಿಡಿದುಕೊಂಡು ನಕ್ಕಳು. ‘ಆರು ತಿಂಗಳು ಚಹಾದ ದರ, ಚಹಾದ ದರ ಅಂತ ಕುಣದಿ. ಇಲ್ಲಿ ನಿನ್ನ ಚಹಾನ ಶ್ಯಾವಿಗಿ ಆತು ನೋಡು!’

ನನಗೆ ನಾಚಿಕೆಯಾದರೂ ಲಾಭವೇ ಆಯಿತು. ಲಿಂಗ ಕಟ್ಟಿಕೊಂಡ ನಾವಿಬ್ಬರು ಪರದೇಶದಲ್ಲಿ ಏನು ಉಣ್ಣುವುದು ಎಂಬ ಚಿಂತೆ ಆ ಒಂದು ಮಾತಿನಿಂದ ಬಗೆಹರಿಯಿತು. ಹೋದಹೋದಲ್ಲಿ ಚಾಯ್ ಅಂದೆವು, ಹೊಟ್ಟೆ ತುಂಬ ಉಂಡೆವು. ಖರ್ಚು ನಾನು ಹಾಕಿದ್ದಕ್ಕಿಂತ ಕಡಿಮೆಯೇ ಆಗುತ್ತಿತ್ತು, ನಾನು ಎದೆಯುಬ್ಬಿಸಿ ನಡೆಯುತ್ತಿದ್ದೆ.

ಮೂರನೆಯ ದಿನ ಫೋಟೋದಲ್ಲಿದ್ದ ಆ ಹಳ್ಳಿಗೆ ಹೋದೆವು. ಒಂದು ಮನೆಯ ಕೆಳಗೆ ಅಕ್ಕನ ವಯಸ್ಸಿನವಳೇ ಒಬ್ಬಳು ಮಗ್ಗದಲ್ಲಿ ಕೂತಿದ್ದಳು. ಕುಣಿಯಿಲ್ಲ, ಎತ್ತರದ ಮರದ ಮಗ್ಗ. ಅಕ್ಕ ಅದನ್ನು ಸುತ್ತು ಹಾಕಿ, ಹಾಸು ಮುಟ್ಟಿ, ಹೊಕ್ಕು ಮುಟ್ಟಿ, ಬಗ್ಗಲಾಗದಿದ್ದರೂ ಬಗ್ಗಿ ಅವಳ ಪಾದಗಳನ್ನು ನೋಡಿದಳು. ಆಕೆಯೂ ಲಾಳಿ ನಿಲ್ಲಿಸಿ ಜಾಗ ಬಿಟ್ಟಳು. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ಬಾರದು. ಆದರೂ ಅಕ್ಕ ತನ್ನ ಮೊಣಕಾಲು ಮುಟ್ಟಿ ಮುಖ ಕಿವುಚಿದಾಗ, ಆಕೆ ತನ್ನ ಸೊಂಟ ಹಿಡಿದು ತೋರಿಸಿದಳು.

ಹಗ್ಗದ ಮೇಲೆ ಒಂದು ಹೊದಿಕೆ ತೂಗುತ್ತಿತ್ತು. ಕಡುನೀಲಿ, ಅಂಚಿಗೆ ಕೆಂಪು ಹಳದಿ ಕಸೂತಿಯಂಥ ನೇಯ್ಗೆ. ಅಕ್ಕನ ಕಣ್ಣು ಅದನ್ನು ಬಿಟ್ಟು ಕದಲಲಿಲ್ಲ. ನಾನು ಬೆಲೆ ಕೇಳಿದೆ. ಆಕೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದಳು. ಸೊನ್ನೆಗಳ ಸಾಲು. ಫೋನಿನಲ್ಲಿ ರೂಪಾಯಿಗೆ ತಿರುಗಿಸಿದೆ. ಆ ಅಂಕಿ ನೋಡಿದ್ದೇ ತಡ, ‘ಅಯ್ಯ ನಮ್ಮವ್ವ! ಅಕ್ಕಾ, ಭಾಳ ಸೋವಿ!’ ಅಂತ ಗಟ್ಟಿಯಾಗಿ ನಕ್ಕುಬಿಟ್ಟೆ. ಫೋನನ್ನು ಅಕ್ಕನ ಮುಖಕ್ಕೆ ಹಿಡಿದೆ.

ಮಗ್ಗದವಳ ಮುಖ ಬಾಡಿತು. ಕನ್ನಡ ಬಾರದಿದ್ದರೇನು, ನಗೆ ಅರ್ಥವಾಗಿತ್ತು. ಹಗ್ಗದಿಂದ ಹೊದಿಕೆ ತೆಗೆದು ಮಡಿಚತೊಡಗಿದಳು. ಆ ಕೈಗಳನ್ನು ನಾನು ನೋಡಿದ್ದೆ. ಬಾದಾಮಿಯಲ್ಲಿ, ನನ್ನ ಖಾನಾವಳಿಯಲ್ಲಿ, ನನ್ನ ಕಣ್ಣೆದುರಿಗೇ ನೋಡಿದ್ದೆ.

‘ಇಷ್ಟ ದೂರ ಬಂದು ಅದ ಮಾತ ಆಡಿದ್ಯಾ?’ ಅಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಂತಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳ ಕಾಲಿಗೆ ಸಿಕ್ಕ ಒಂದೇ ಪ್ರಯಾಣ, ಅದನ್ನು ನನ್ನ ನಾಲಿಗೆ ಕೆಡಿಸಿತ್ತು.

ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಆಕೆಯ ಎದುರು ನೆಲದ ಮೇಲೆ ಕೂತಳು. ಮೊಣಕಾಲಿನ ನೋವಿಗೆ ತುಟಿ ಕಚ್ಚಿಕೊಂಡೇ ಕೂತಳು. ಹೊದಿಕೆ ಮುಟ್ಟಿದಳು, ಆಕಾಶದ ಸೂರ್ಯನನ್ನು ತೋರಿಸಿ ಬೆರಳನ್ನು ಮೂಡಣದಿಂದ ಪಡುವಣಕ್ಕೆ ಎಳೆದಳು. ಎಷ್ಟು ದಿನ? ಆಕೆ ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಒಂದು ಬೆರಳು ಎತ್ತಿದಳು. ಆರು.

ಅಕ್ಕ ಚೀಲ ಬಿಚ್ಚಿ ಸೀರೆ ಹೊರತೆಗೆದಳು. ಒಡಲಿಗೂ ಸೆರಗಿಗೂ ಹಾಸಿನ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವುದು ನಮ್ಮ ಇಳಕಲ್ಲಿನ ಕೆಲಸ. ಆ ಕೂಡಿದ ಜಾಗವನ್ನು ಆಕೆಯ ಕೈಗೆ ಕೊಟ್ಟಳು. ಆಕೆ ಉಗುರಿನಿಂದ ಸವರಿದಳು, ಬೆಳಕಿಗೆ ಹಿಡಿದಳು, ‘ಓ...’ ಅಂತ ಉಸಿರೆಳೆದಳು. ಆಮೇಲೆ ಅವಳೂ ಸೂರ್ಯನ ಕಡೆ ಬೆರಳು ತೋರಿಸಿದಳು. ಅಕ್ಕ ಏಳು ಬೆರಳು ಎತ್ತಿದಳು.

ಹೊದಿಕೆಯನ್ನು ತನ್ನ ಕಡೆ, ಸೀರೆಯನ್ನು ಅವಳ ಕಡೆ ಅಕ್ಕ ಸರಿಸಿದಳು. ಆಕೆ ಎರಡನ್ನೂ ನೋಡಿದಳು. ಎದ್ದು ಮೆಟ್ಟಿಲು ಹತ್ತಿ ಮನೆಯೊಳಗೆ ಹೋದಳು. ಸಿಟ್ಟು ಬಂತೇನೋ ಅಂತ ನಾನು ಹೆದರಿದೆ. ಕೈಯಲ್ಲಿ ಸೊಂಟಕ್ಕೆ ಕಟ್ಟುವ ಸಣ್ಣ ಪಟ್ಟಿಯೊಂದನ್ನು ಹಿಡಿದು ಇಳಿದು ಬಂದಳು, ಹೊದಿಕೆಯ ಮೇಲಿಟ್ಟಳು, ಒಂದು ಬೆರಳು ಎತ್ತಿದಳು. ಉಳಿದ ಒಂದು ದಿನ.

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ದವಾಖಾನೆಯಲ್ಲಿ ಅಳದವಳು, ಬಸ್ಸಿನಲ್ಲಿ ಅಳದವಳು. ಆಕೆಯೂ ಕಣ್ಣೊರೆಸಿಕೊಂಡಳು. ನಾನು ಫೋನು ಹಿಡಿದುಕೊಂಡು ದೂರ ನಿಂತಿದ್ದೆ. ದೇಶ ಆರಿಸುವಲ್ಲಿ ನಾನು ತಪ್ಪಿರಲಿಲ್ಲ. ಈಗಲೂ ಯಾರಾದರೂ ಕೇಳಿದರೆ ಚಹಾದ ದರ ನೋಡಿಯೇ ಹೋಗಿ ಅನ್ನುತ್ತೇನೆ. ಆದರೆ ಆ ಜಾಗದಲ್ಲಿ ನನ್ನ ಲೆಕ್ಕಕ್ಕೆ ಕೆಲಸವಿರಲಿಲ್ಲ, ಆಕೆಯ ಹತ್ತಿರ ಹೋಗಿ ಕೈ ಮುಗಿದೆ.

ಇಳಕಲ್ಲಿಗೆ ಬಂದ ಮೇಲೆ ಅಕ್ಕ ಆ ನೀಲಿ ಹೊದಿಕೆಯನ್ನು ತನ್ನ ಬರಿದಾದ ಮಗ್ಗದ ಮೇಲೆ ಹೊದಿಸಿದಳು. ಓಣಿಯ ಹೆಂಗಸರು ನೋಡಲು ಬಂದರು. ಎದುರುಮನೆಯವಳು, ಅವಳೂ ಮಗ್ಗದವಳೇ, ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ ಕೇಳಿದಳು: ‘ಚಂದ ಐತಿ ಯಕ್ಕಾ. ಎಷ್ಟಕ್ಕ ತಂದಿ?’

ದೊಂಗಿನಲ್ಲೂ ರೂಪಾಯಿಯಲ್ಲೂ ಬೆಲೆ ನನ್ನ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿಕೊಂಡೆ.

‘ಏಳು ದಿನಕ್ಕ,’ ಅಂದಳು ಅಕ್ಕ.

ಎದುರುಮನೆಯವಳು ಇನ್ನೊಮ್ಮೆ ಅಂಚು ನೋಡಿದಳು, ಬರಿದಾದ ಮಗ್ಗ ನೋಡಿದಳು, ಅಕ್ಕನ ಮುಖ ನೋಡಿದಳು.

‘ಹಂಗಾರ ನಿನಗ ದಕ್ಕಿತು ಬಿಡ ಯಕ್ಕಾ,’ ಅಂದಳು.